ಮುಟ್ಟದವನ ಕಡವು

ಹಿಂದೆ ಒಮ್ಮೆ, ಬೋರ್ನಿಯೋ ದ್ವೀಪದ ಒಳನಾಡಿನಲ್ಲಿ, ಲಿಂಬಾಯ್ ನದಿಯ ತಿರುವಿಗೆ ಉಪ್ಪಿನ ದೋಣಿ ಬಂತು. ಒಂಬತ್ತು ತಿಂಗಳ ಮೇಲೆ ಬಂದದ್ದು. ದಡದ ಮೇಲೆ ಇಬಾನ್ ಜನರ ಉದ್ದಮನೆ ಇತ್ತು. ಕಂಬಗಳ ಮೇಲೆ ಎತ್ತಿ ಕಟ್ಟಿದ ಒಂದೇ ಸೂರು, ಅದರಡಿ ಇಪ್ಪತ್ತೆರಡು ಸಂಸಾರ, ಎಲ್ಲರಿಗೂ ಸೇರಿ ಒಂದು ಜಗಲಿ. ಮಳೆಗಾಲಕ್ಕೆ ಮುಂಚೆ ಆ ನದಿಯಲ್ಲಿ ಮೀನು ಹಿಂಡುಗಟ್ಟಿ ಬರುತ್ತದೆ. ಅದನ್ನು ಉಪ್ಪು ಮತ್ತು ಅನ್ನದ ಜೊತೆ ಜಾಡಿಗೆ ತುಂಬಿ ಹುಳಿ ಬರಿಸಿಟ್ಟರೆ ಪ್ರವಾಹದ ನಾಲ್ಕು ತಿಂಗಳು ಊಟಕ್ಕೆ ತೊಂದರೆ ಇಲ್ಲ. ಉಪ್ಪಿಲ್ಲದಿದ್ದರೆ ಮೀನು ಎರಡು ದಿನದಲ್ಲಿ ಕೊಳೆಯುತ್ತದೆ. ಹಿಂದಿನ ವರ್ಷ ಉಪ್ಪು ಸಾಲದೆ ಹೋಗಿ ಆ ಮನೆಯಲ್ಲಿ ಮೂರು ಮಕ್ಕಳು ಹಸಿವಿನಿಂದ ಸತ್ತಿದ್ದವು. ಈ ವರ್ಷ ಜಾಡಿಗಳೆಲ್ಲ ಹೆಚ್ಚುಕಡಿಮೆ ಖಾಲಿ. ಮೀನು ಬರಲು ಶುರುವಾಗಿತ್ತು.

ಮನೆಯ ಯಜಮಾನನ ಹೆಸರು ಬನ್ಸಾ. ಇಪ್ಪತ್ತೆರಡು ಸಂಸಾರದ ಪರವಾಗಿ ಮಾತಾಡುವವನು ಅವನೇ. ಅವನ ತಾಯಿ ಸಾವೈ. ದೋಣಿಯ ಒಡೆಯ ತಮಿನ್, ಕಡಲತೀರದ ವ್ಯಾಪಾರಿ. ಅವನನ್ನು ಜಗಲಿಯಲ್ಲಿ ಚಾಪೆ ಹಾಕಿ ಕೂರಿಸಿದರು. ಮನೆಯಲ್ಲಿ ಕೊಡಲು ಬೇರೇನೂ ಇರಲಿಲ್ಲ. ಸಾವೈ ಕೊನೆಯ ಹಿಡಿ ಉಪ್ಪಿನಲ್ಲಿ ಹಾಕಿಟ್ಟಿದ್ದ ಹುಳಿಮೀನನ್ನು ಜಾಡಿಯ ತಳದಿಂದ ಬಳಿದು ಬಟ್ಟಲಿಗೆ ಹಾಕಿ ತಂದಳು.

ಅಲ್ಲಿ ಒಂದು ಕಟ್ಟಳೆಯಿದೆ. ಯಾರಾದರೂ ಊಟ ಮುಂದಿಟ್ಟರೆ ತಿನ್ನಲೇಬೇಕೆಂದಿಲ್ಲ. ಹೊಟ್ಟೆ ತುಂಬಿರಬಹುದು, ಹೊತ್ತಾಗಿರಬಹುದು. ಆದರೆ ಬೆರಳ ತುದಿಯಿಂದ ಅದನ್ನು ಮುಟ್ಟಿ, ಆ ಬೆರಳನ್ನು ತುಟಿಗೆ ತಾಗಿಸಿ, ‘ಮುಟ್ಟಿದೆ’ ಎಂದು ಹೇಳಿಯೇ ಏಳಬೇಕು. ಹಾಗೆ ಮಾಡದೆ ಎದ್ದವನಿಗೆ ಅಂದೇ ಹಾವು ಕಚ್ಚುತ್ತದೆ, ಇಲ್ಲವೇ ಮೊಸಳೆ ಹಿಡಿಯುತ್ತದೆ ಎನ್ನುತ್ತಾರೆ. ಆಟಕ್ಕೆ ಓಡುವ ಮಕ್ಕಳೂ ನಿಂತು, ಮುಟ್ಟಿ ಓಡುತ್ತವೆ. ಈಗ ಆ ತಿರುವಿಗೆ ಮೋಟಾರು ದೋಣಿಯಲ್ಲಿ ಪ್ರವಾಸಿಗರು ಬರುತ್ತಾರೆ. ಮಾರ್ಗದರ್ಶಿ ಬಟ್ಟಲು ಹಿಡಿಯುತ್ತಾನೆ. ಇವರು ಮೂಗು ಹಿಡಿದು, ನಾಲಿಗೆ ಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬೆರಳನ್ನು ಕಾಗದದಲ್ಲಿ ಒರೆಸಿ ಕಾಗದವನ್ನು ನದಿಗೆ ಎಸೆಯುತ್ತಾರೆ. ಅವರಿಗೆ ಮಾರ್ಗದರ್ಶಿಗಳು ಹೇಳುವುದು, ಉಪ್ಪಿನ ದೋಣಿ ಬಂದ ಆ ದಿನ ಮುಟ್ಟದೆ ಹೋದವನು ಕಡಲತೀರದ ವ್ಯಾಪಾರಿ ಎಂದು. ಸುಳ್ಳು. ಹೊರಗಿನವನ ತಲೆಗೆ ಕಟ್ಟುವುದು ಸುಲಭ, ಅದಕ್ಕೇ ಹೇಳುತ್ತಾರೆ.

ನಡೆದದ್ದು ಬೇರೆ. ಬಟ್ಟಲು ಹತ್ತಿರ ಬಂದಾಗ ತಮಿನ್ ಹೆಗಲ ವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

“ಇದು ಸತ್ತು ಎಷ್ಟು ದಿನವಾಯಿತಮ್ಮಾ? ದುಃಖ ಹೇಳಲು ಬರಬೇಕಿತ್ತು, ತಡವಾಯಿತು” ಎಂದ.

“ತಿನ್ನಬೇಡ ಮಗಾ. ಬೆರಳು ತಾಗಿಸು, ಸಾಕು” ಎಂದಳು ಸಾವೈ.

ತಮಿನ್ ಇಪ್ಪತ್ತು ವರ್ಷದಿಂದ ಆ ನದಿಯಲ್ಲಿ ದೋಣಿ ನಡೆಸಿದವನು. ಕಿರುಬೆರಳು ಅದ್ದಿದ, ತುಟಿಗೆ ತಾಗಿಸಿದ, ‘ಮುಟ್ಟಿದೆ’ ಎಂದ, ಬೆರಳನ್ನು ಚಾಪೆಗೆ ಒರೆಸಿದ. ಕೆಟ್ಟ ಬಾಯಿಯವನು, ಆದರೆ ಕಟ್ಟಳೆ ಮೀರಲಿಲ್ಲ. ಅವನ ದೋಣಿಯ ಆಳುಗಳಿಬ್ಬರೂ ಮುಟ್ಟಿದರು. ಆಮೇಲೆ ಅವನು ಬನ್ಸಾನ ಕಡೆ ತಿರುಗಿದ.

“ಏನಯ್ಯಾ ಯಜಮಾನ, ನೀನೂ ಇದನ್ನೇ ತಿನ್ನುತ್ತೀಯೋ?”

ಬನ್ಸಾ ಇದೇ ಮೀನು ತಿಂದು ಬೆಳೆದವನು. ಹಿಂದಿನ ದಿನವೂ ಅದೇ ಜಾಡಿಯಿಂದ ಬೆರಳು ನೆಕ್ಕಿದ್ದ. ಆದರೆ ಅವನಿಗೆ ವ್ಯಾಪಾರಿಯ ಜೊತೆ ಸಮವಾಗಿ ಕೂರುವ ಆಸೆ. ಹೇಳಲು ಅಸಹ್ಯವಾಗುತ್ತದೆ. ಅವನು ವ್ಯಾಪಾರಿಯ ಹಾಗೆಯೇ ಮೂಗಿಗೆ ಬಟ್ಟೆ ಹಿಡಿದ.

“ಛೆ, ಇಲ್ಲ ದೊರೆ. ಮುದುಕಿಯರು ಸುಮ್ಮನೆ ಕೊಳೆಸಿಡುತ್ತಾರೆ. ನಾನು ಇದನ್ನು ನಾಯಿಗೂ ಹಾಕೋದಿಲ್ಲ.”

ಸಾವೈ ಬಟ್ಟಲನ್ನು ಮಗನ ಮುಂದೆ ಇಟ್ಟಳು. “ಆಯಿತು. ಮುಟ್ಟಿ ಏಳು” ಎಂದಳು. ಅವನು ಕಾಲಿನಿಂದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಇಪ್ಪತ್ತೆರಡು ಬಾಗಿಲಲ್ಲಿ ನಿಂತ ಹೆಂಗಸರು ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಉಪ್ಪು ಇನ್ನೂ ದೋಣಿಯಲ್ಲಿತ್ತು. ಅವರ ಮೌನವೂ ಹೊಲಸೇ.

ತಮಿನ್ ಎದ್ದು ನಿಂತ. “ನಾಯಿಯೂ ತಿನ್ನದ ಮೀನಿಗೆ ನಿಮಗೆ ಉಪ್ಪು ಯಾತಕ್ಕೆ? ನದಿಯ ಮೇಲುಗಡೆಯ ಉದ್ದಮನೆಯವರು ತಿನ್ನುತ್ತಾರೆ. ಅವರಿಗೇ ಕೊಡುತ್ತೇನೆ” ಎಂದು ಮೆಟ್ಟಿಲಿಳಿದ. ಬೆಲೆ ಏರಿಸಲು ಹಾಗೆಂದನೋ, ನಿಜವಾಗಿಯೇ ಅಂದನೋ, ಯಾರಿಗೂ ತಿಳಿಯದು. ಆಳುಗಳು ಹಗ್ಗ ಬಿಚ್ಚಿದರು.

ಆಗ ಬನ್ಸಾನಿಗೆ ಮೂರು ಮಕ್ಕಳ ನೆನಪಾಗಿರಬೇಕು. ಹಿಂದೆಯೇ ಓಡಿದ. ಅವನು ಮಾಡಬೇಕಾದದ್ದು ಒಂದೇ ಇತ್ತು. ತಿರುಗಿ ಜಗಲಿಗೆ ಬಂದು, ಎಲ್ಲರ ಎದುರು ತಾಯಿಯ ಬಟ್ಟಲಿಗೆ ಕೈ ಹಾಕಿ ತಿನ್ನುವುದು. ತಿಂದಿದ್ದರೆ ತಮಿನ್ ನಕ್ಕು ಉಪ್ಪು ಇಳಿಸುತ್ತಿದ್ದ. ಸಾವೈ ಬಟ್ಟಲು ಹಿಡಿದು, ದೋಣಿ ಕಟ್ಟುವ ಕಡವಿನ ಮೆಟ್ಟಿಲವರೆಗೂ ಬಂದು, “ಬನ್ಸಾ, ಬೆರಳು ತಾಗಿಸಿ ಹೋಗೋ” ಎಂದು ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಮೀನಿನ ಕರುಳು ಬಿಸಾಡುವ ಕಡವು ಅದು. ಮೊಸಳೆ ಅಲ್ಲಿ ಯಾವತ್ತೂ ಇರುತ್ತದೆ, ಅವನಿಗೂ ಗೊತ್ತು. ಸೊಂಟಮಟ್ಟದ ನೀರಿಗಿಳಿದು ದೋಣಿಯ ಅಂಚು ಹಿಡಿದ.

“ತಿನ್ನುತ್ತೇವೆ ದೊರೆ! ದಿನಾ ತಿನ್ನುತ್ತೇವೆ! ಉಪ್ಪು ಕೊಟ್ಟು ಹೋಗಿ!”

ಮೊಸಳೆ ಅವನನ್ನು ತೊಡೆಗೆ ಹಿಡಿದು ಎಳೆಯಿತು. ಕೈ ದೋಣಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ಇತ್ತು, ಆಮೇಲೆ ಇರಲಿಲ್ಲ.

ತಮಿನ್ ದೋಣಿಯೊಳಗೆ ಕುಳಿತುಬಿಟ್ಟ. ಆಳುಗಳು ಅವನನ್ನು ಕೇಳದೆ ದೋಣಿಯನ್ನು ದಡಕ್ಕೆ ಒತ್ತಿ, ಉಪ್ಪಿನ ಮೂಟೆಗಳನ್ನೆಲ್ಲ ಇಳಿಸಿದರು. ಅವನು ಬೇಡವೆನ್ನಲಿಲ್ಲ. ಮತ್ತೆ ಆ ತಿರುವಿಗೆ ಬರಲೂ ಇಲ್ಲ. ಆ ಜಾಗವನ್ನು ಮುಟ್ಟದವನ ಕಡವು ಎಂದು ಕರೆಯತೊಡಗಿದ್ದು ಅಂದಿನಿಂದ ಎನ್ನುತ್ತಾರೆ. ಹೆಸರಿಟ್ಟವರು ಆ ಮನೆಯವರೇ.

ಅದೇ ದಿನ ಹೆಂಗಸರು ಮೀನು ಸೀಳಲು ಕುಳಿತರು. ಸಾವೈಯೂ ಕುಳಿತಳು. ಆ ಮಳೆಗಾಲ ಆ ಮನೆಯಲ್ಲಿ ಯಾರೂ ಹಸಿವಿನಿಂದ ಸಾಯಲಿಲ್ಲ. ಬನ್ಸಾನ ಹೆಣ ಸಿಗಲಿಲ್ಲ.