ಕಾಯಿ ಎಂಬ ಪದ

ಹೊಳೆಯ ಈಚೆ ದಡದಲ್ಲಿ ಮರುಳಯ್ಯನವರ ಆಶ್ರಮ. ಮಕ್ಕಳು ಕಂಪ್ಯೂಟರಿಗೆ ಕನ್ನಡದಲ್ಲೇ ಅಪ್ಪಣೆ ಕೊಡುವಂತಾಗಲೆಂದು ಅವರೂ ಶಿಷ್ಯರೂ ಸೇರಿ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದರು.

ಅದರಲ್ಲಿ 'ಕಾಯಿ' ಎಂಬ ಪದವಿತ್ತು. ದೂರದ ಇನ್ನೊಂದು ಕಂಪ್ಯೂಟರಿಗೆ ಪ್ರಶ್ನೆ ಕಳಿಸಿದ ಮೇಲೆ, ಉತ್ತರ ಬರುವ ತನಕ ಮುಂದಿನ ಸಾಲಿಗೆ ಹೋಗಬೇಡ ಎಂದು ಹೇಳುವ ಪದ. ಅದನ್ನು ಆರಿಸಿದ್ದವಳು ದಾಕ್ಷಾಯಣಿ.

ದಾಕ್ಷಾಯಣಿಯೂ ನೀಲಾಂಬಿಕೆಯೂ ಒಂದೇ ವರ್ಷ ಆಶ್ರಮಕ್ಕೆ ಬಂದವರು, ಒಂದೇ ತಟ್ಟೆಯಲ್ಲಿ ಉಂಡವರು. ಒಂದು ದಿನ ಈ ಪದದ ಮೇಲೆ ಮಾತಿಗೆ ಮಾತು ಬೆಳೆದು, ನೀಲಾಂಬಿಕೆ ಎಲ್ಲರೆದುರು, "ನಿನಗೆ ಕನ್ನಡವೇ ಬರುವುದಿಲ್ಲ" ಎಂದುಬಿಟ್ಟಳು. ಮರುದಿನ ದಾಕ್ಷಾಯಣಿ ಹೊಳೆ ದಾಟಿ ಹೋದಳು. ಮೂರು ವರ್ಷವಾಯಿತು.

ಈಗ ಆ ಪದವನ್ನೇ ತೆಗೆಯಬೇಕೆಂದು ನೀಲಾಂಬಿಕೆ ಪಟ್ಟು ಹಿಡಿದಳು. ಮಕ್ಕಳು ನಗುತ್ತಾರೆ, ಮಾವಿನಕಾಯಿಯೋ ತೆಂಗಿನಕಾಯಿಯೋ ಎಂದು ಕೇಳುತ್ತಾರೆ, 'ನಿಲ್ಲು' ಎಂದರೆ ಗೊಂದಲವೇ ಇಲ್ಲ ಎಂದಳು.

ಚರ್ಚೆ ಮೂರು ದಿನ ನಡೆಯಿತು. ಹಳೆಯ ಪ್ರೋಗ್ರಾಮುಗಳೆಲ್ಲ ಕೆಡುತ್ತವೆ ಎಂದು ಕೆಲವರು ಹೆದರಿದರು. ಒಂದೊಂದನ್ನೂ ತಾನೇ ಕೂತು ತಿದ್ದಿಕೊಡುತ್ತೇನೆಂದು ಅವಳು ಒಪ್ಪಿಸಿದಳು. ಗುರುಗಳ ಒಪ್ಪಿಗೆಯೊಂದೇ ಉಳಿಯಿತು.

"ಎರಡೂ ಒಂದೇನಾ, ತಾಯಿ?" ಎಂದು ಮರುಳಯ್ಯನವರು ಕೇಳಿದರು.

"ಯಂತ್ರಕ್ಕೆ ಎರಡೂ ಒಂದೇ, ಗುರುಗಳೇ."

"ಹಾಗಾದರೆ ನಾಳೆ ಹೊಳೆದಂಡೆಗೆ ಹೋಗಿ ನಿಲ್ಲು. ಸಂಜೆ ಬಾ."

ಅವಳು ಹೋಗಿ ನಿಂತಳು. ಹರಿಗೋಲು ಬಂತು, ಹೋಯಿತು. ಮಧ್ಯಾಹ್ನ ಅಂಬಿಗ, "ಯಾಕವ್ವ, ಸುಮ್ನ ನಿಂತೀ?" ಎಂದ. ಸಂಜೆ ಕಾಲು ನೋಯುತ್ತಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ಗುರುಗಳು, "ಇವತ್ತು ಹೋಗಿ ದಾಕ್ಷಾಯಣಿಯನ್ನು ಕಾಯಿ" ಎಂದರು.

ನೀಲಾಂಬಿಕೆಯ ಮುಖ ಬಿಳಿಚಿತು. "ಬರುತ್ತಾಳೆಯೇ?"

"ಗೊತ್ತಿಲ್ಲ. ಬಾ ಎಂದು ನಾನು ಬರೆದು ಹತ್ತು ದಿನವಾಯಿತು. ಉತ್ತರ ಬಂದಿಲ್ಲ."

ಅವಳು ನಿನ್ನೆ ನಿಂತಲ್ಲೇ ನಿಂತಳು. ಆಚೆ ದಡದಿಂದ ಹರಿಗೋಲು ಹೊರಟಾಗಲೆಲ್ಲ ಒಳಗಿದ್ದವರ ಮುಖಗಳನ್ನು ಹುಡುಕಿದಳು. ಮೊದಲು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು, ಸಾಲದೆನಿಸಿ ಬಿಟ್ಟಳು, ಮತ್ತೆ ಜೋಡಿಸಿದಳು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಹಾಗೇ ಉಳಿಯಿತು. ಒಮ್ಮೆ ಹಸಿರು ಸೀರೆಯವಳೊಬ್ಬಳು ದಾಕ್ಷಾಯಣಿಯಂತೆಯೇ ತಲೆ ಬಗ್ಗಿಸಿ ಇಳಿದಳು. ನೀಲಾಂಬಿಕೆ ಮೊಣಕಾಲುದ್ದ ನೀರಿಗೆ ಓಡಿದಳು. ಬೇರೆ ಯಾರೋ.

ಹೊತ್ತು ಮುಳುಗುವಾಗ ಅಂಬಿಗ ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕಿದ. ಅವಳ ಮುಖ ನೋಡಿ ದನಿ ತಗ್ಗಿಸಿದ.

"ಯಾರು ಬರಬೇಕಾಗಿತ್ತವ್ವ?"

ಅವಳು ರೊಟ್ಟಿಯ ಗಂಟನ್ನು ಎತ್ತಿಕೊಂಡು ಆಶ್ರಮದ ದಾರಿ ಹಿಡಿದಳು.

ಆಶ್ರಮಕ್ಕೆ ಬಂದಾಗ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ಗುರುಗಳು ಊಟಕ್ಕೆ ಕೂತಿದ್ದರು. ಅವಳು ಬಾಗಿಲಿಂದಲೇ ಹೇಳಿದಳು.

"ಅವಳ ಪದ ಇದ್ದ ಹಾಗೇ ಇರಲಿ, ಗುರುಗಳೇ."

ಮರುಳಯ್ಯನವರು ತಟ್ಟೆಯನ್ನು ಅವಳ ಕಡೆ ಸರಿಸಿದರು.

"ಉಣ್ಣು, ತಾಯಿ. ನಾಳೆಯೂ ಹರಿಗೋಲು ಇದೆ."