ಶೆಟ್ರು ಹಿಡಿದ ಬೆಳಕು

ನಿಶ್ಚಿತಾರ್ಥದ ಫೋಟೋ ಮರವಂತೆಯ ಕಡಲ ದಂಡೆಯಲ್ಲಿ ಎಂದು ಗೊತ್ತಾದ ಕೂಡಲೇ ಹುಡುಗನ ದೊಡ್ಡಪ್ಪ ಮಂಜಯ್ಯ ಶೆಟ್ರು ಫೋಟೋಗ್ರಾಫರ್ ಭವಾನಿಗೆ ಅಪ್ಪಣೆ ಕೊಟ್ಟರು. "ಈ ಸಂಬಂಧ ಕುದುರಿಸಿದ್ದೇ ನಾನು. ಪ್ರತಿ ಫೋಟೋದಲ್ಲೂ ನಾನಿರಬೇಕು."

"ಆಯ್ತು ಶೆಟ್ರೆ, ಇರ್ತೀರಿ" ಅಂದಳು ಭವಾನಿ.

ಸಂಜೆ ಹುಡುಗ ಹುಡುಗಿ ನೀರಿನಂಚಿಗೆ ನಿಂತರು. ಇಬ್ಬರ ನಡುವೆ ಜರಿ ಶಾಲು ಹೊದ್ದ ಶೆಟ್ರು, ಕಂಬ ನೆಟ್ಟ ಹಾಗೆ. ಹುಡುಗಿಯ ಮುಖ ಬಾಡಿತು.

ಭವಾನಿ ಕ್ಯಾಮೆರಾ ಇಳಿಸಿದಳು. "ಸೂರ್ಯ ಬೆನ್ನ ಹಿಂದಿದ್ದಾನೆ ಶೆಟ್ರೆ, ಹುಡುಗಿ ಮುಖ ಕಪ್ಪಾಗಿ ಬೀಳ್ತದೆ. ಅವಳಿಗೆ ಬೆಳಕು ಹಿಡಿಯುವ ಕೆಲಸ ಯಾರ್ಯಾರ ಕೈಗೋ ಕೊಡುವುದು ಸರಿಯಲ್ಲ. ಮನೆಯ ಹಿರಿಯರೇ ಹಿಡಿಯಬೇಕು."

ಬಿಸಿಲನ್ನು ಮುಖದ ಕಡೆ ತಿರುಗಿಸುವ ಬೆಳ್ಳಿ ಬಣ್ಣದ ದೊಡ್ಡ ರಿಫ್ಲೆಕ್ಟರನ್ನು ಕೈಗಿತ್ತು, ಅವರನ್ನು ತನ್ನ ಪಕ್ಕಕ್ಕೆ ಕರೆತಂದು ನಿಲ್ಲಿಸಿದಳು. ಹುಡುಗಿಯ ಮುಖ ಬೆಳಗಿತು. ಸೂರ್ಯ ಮುಳುಗುವವರೆಗೂ ಶೆಟ್ರು ಅಲುಗಲಿಲ್ಲ. ನೆರವಿಗೆ ಬಂದ ತಮ್ಮನನ್ನೂ "ನಿನ್ನ ಕೈ ನಡುಗ್ತದೆ" ಎಂದು ಅಟ್ಟಿದರು.

ಆಲ್ಬಮ್ ಬಂತು. ಒಂದು ಫೋಟೋದಲ್ಲೂ ಶೆಟ್ರಿಲ್ಲ. "ನೀವೆಲ್ಲಿ?" ಎಂದು ಹೆಂಡತಿ ಕೇಳಿಯೇಬಿಟ್ಟರು.

ಶೆಟ್ರು ಫೋಟೋದಲ್ಲಿದ್ದ ಹುಡುಗಿಯ ಹೊಳೆಯುವ ಕೆನ್ನೆಯ ಮೇಲೆ ಬೆರಳಿಟ್ಟರು.

"ಈ ಬೆಳಕು ಕಾಣ್ತದಲ್ಲ, ಇದು ನಾನು. ಪುಟ ತಿರುಗಿಸು, ಎಲ್ಲದರಲ್ಲೂ ಇದ್ದೇನೆ."