ಜವರನ ಕಾರಿನ ಕೆಂಪು ದೀಪ

ಕುಣಿಗಲ್ಲಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಇದ್ದದ್ದು ಒಂದು ಬಾಡಿಗೆ ಕಾರು, ಜವರ ಅಂತ ಒಬ್ಬ ಮಗ. ಕಾರು ಹಳೆಯದು, ಮಗ ಪೆದ್ದ. ಕಾರನ್ನಾದರೆ ರಿಪೇರಿಗೆ ಬಿಡಬಹುದು, ಮಗನನ್ನು ಎಲ್ಲಿಗೆ ಬಿಡೋದು?

ಹಾಗಂತ ಜವರ, ಯಾರಾದರೂ ಹೇಳಿದ ಮಾತು ಕೇಳದವನಲ್ಲ. ಕೇಳುತ್ತಿದ್ದ. ಕೇಳುವುದೇ ಅವನ ರೋಗ! ಹೇಳಿದ್ದನ್ನು ಹೇಳಿದ ಹಾಗೇ ಮಾಡಿ ಎದೆ ಉಬ್ಬಿಸಿಕೊಂಡು ನಿಲ್ಲುತ್ತಿದ್ದ. ಕಾರು ಓಡಿಸೋದರಲ್ಲಿ ಮಾತ್ರ ಅವನನ್ನು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ. ರಸ್ತೆ ಪಕ್ಕದ ಬೋರ್ಡು ಏನು ಹೇಳುತ್ತದೋ ಅದನ್ನೇ ಮಾಡುತ್ತಿದ್ದ.

ಇಂಥವನಿಗೆ ಹೆಣ್ಣು ಕೊಡುವವರು ಯಾರು? ಹೋದ ಕಡೆಯೆಲ್ಲ ಮುಖ ತಿರುಗಿಸಿದರು. ಕೊನೆಗೆ ತುರುವೇಕೆರೆಯ ಗಿರಿಗೌಡರು, "ಭಾನುವಾರ ಬಂದು ನಮ್ಮ ಹುಡುಗೀನ ನೋಡಿ. ನಿಮ್ಮ ಕಾರಲ್ಲೇ ಬನ್ನಿ, ಹುಡುಗ ಓಡಿಸೋದನ್ನ ನಾವೂ ನೋಡ್ತೀವಿ" ಅಂತ ಹೇಳಿ ಕಳಿಸಿದರು. ಚಿಕ್ಕತಾಯಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಇದೂ ಕೈತಪ್ಪಿದರೆ ಮಗನಿಗೆ ಮದುವೆಯಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದರೆ, ಸ್ಟೇರಿಂಗ್ ಮುಂದೆ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ಎಷ್ಟು ಹೊತ್ತಾದರೂ ಆರಲೇ ಇಲ್ಲ.

"ಲೋ ಮಗ, ನಾಳೆ ಅವರ ಕಣ್ಣಿಗೆ ಈ ಕೆಂಪು ದೀಪ ಕಾಣಿಸಕೂಡದು ಕಣ್ಲಾ!"

"ಅಷ್ಟೇ ತಾನೆ? ಬುಡವ್ವ, ನಾನಿಲ್ವಾ!"

ಜವರ ಒಳಗೆ ಹೋದ. ಕನ್ನಡಿಗೆ ಅಂಟಿಸಿದ್ದ ಅವ್ವನ ಸ್ಟಿಕ್ಕರ್ ಬೊಟ್ಟಿನಲ್ಲಿ ದೊಡ್ಡದೊಂದನ್ನು ಕಿತ್ತ. ತಂದು ದೀಪದ ಮೇಲೆ ಅಂಟಿಸಿದ.

"ನೋಡ್ಕೊ ಅವ್ವ, ಕಾಣಿಸ್ತದಾ?"

ಚಿಕ್ಕತಾಯಮ್ಮ ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪೆದ್ದಪ್ಪ! ಮುಚ್ಚಿದ್ರೆ ಆಗೋಯ್ತಾ? ಇಂಜಿನ್ ಸುಟ್ಟೋದ್ರೆ ಏನ್ಲಾ ಮಾಡ್ತೀಯಾ?"

ಪಕ್ಕದ ಬೀದಿಯ ಮೆಕ್ಯಾನಿಕ್ ಮುನಾವರ್ ಸಾಬರನ್ನು ಕರೆಸಿದಳು. ಸಾಬರು ಕಡ್ಡಿ ಎಳೆದು ಎಣ್ಣೆ ನೋಡಿದರು. ಇಂಜಿನ್ನಿನ ಪಕ್ಕದಿಂದ ಹೆಬ್ಬೆರಳು ಗಾತ್ರದ್ದೊಂದನ್ನು ಬಿಚ್ಚಿ, ಆ ಜಾಗಕ್ಕೆ ತಮ್ಮ ಮೀಟರು ಹಾಕಿ ನೋಡಿದರು.

"ಎಣ್ಣೆ ಭರ್ತಿ ಐತೆ ಅಕ್ಕ, ಪ್ರೆಷರ್ರೂ ಸರಿಯಾಗೈತೆ. ಎಣ್ಣೆ ಪ್ರೆಷರ್ ನೋಡಿ ದೀಪಕ್ಕೆ ಹೇಳೋ ಸೆನ್ಸರ್ ಇದು. ಇದು ಕೆಟ್ಟು ಸುಳ್ಳು ಹೇಳ್ತಾ ಐತೆ."

ಬಿಚ್ಚಿದ ಸೆನ್ಸರನ್ನು ಜವರನ ಕೈಗಿಟ್ಟರು. ರಿಪೇರಿಯವರ ಪದ್ಧತಿ ಗೊತ್ತಲ್ಲ, ಹಳೆಯದನ್ನು ತೋರಿಸಿಯೇ ಹೊಸದನ್ನು ತರಬೇಕು.

"ಇದನ್ನ ಅಂಗಡೀಲಿ ತೋರಿಸಿ ಇದರಂಗೇ ಇರೋದು ತತ್ತಾ. ಒಂಚೂರೂ ವ್ಯತ್ಯಾಸ ಇರಕೂಡದು!"

"ಅಷ್ಟೇ ತಾನೆ? ಬುಡಿ ಸಾಬ್ರೆ, ನಾನಿಲ್ವಾ!"

ಅಂಗಡಿಯವನು ನೋಡಿದ, ಒಳಗಿಂದ ಫಳಫಳ ಅನ್ನೋದೊಂದು ತಂದಿಟ್ಟ.

"ಇದಲ್ಲ" ಅಂದ ಜವರ.

"ಇದೇ ಕಣಪ್ಪ!"

"ನಮ್ಮದು ಕರ್ರಗೈತೆ, ಇದು ಬೆಳ್ಳಗೈತೆ. ನಮ್ಮದರ ಮೂತಿ ಸೊಟ್ಟ, ಇದರದ್ದು ನೆಟ್ಟಗೈತೆ. ನಮ್ಮದು ಕೆಟ್ಟೋಗೈತೆ. ಇದು ಕೆಟ್ಟೋಗೈತಾ?"

"ಛೇ ಛೇ, ಇಲ್ಲಪ್ಪ!"

"ಮತ್ತೆ? ನಂಗೇ ಟೋಪಿ ಹಾಕ್ತೀಯಾ?"

ಜವರ ಸೀದಾ ಗುಜರಿ ಅಂಗಡಿಗೆ ಹೋದ. ರಾಶಿಯೊಳಗೆ ಕೈಹಾಕಿ ಕೆದಕಿದ, ಕೆದಕಿದ, ಮಧ್ಯಾಹ್ನದವರೆಗೂ ಕೆದಕಿದ. ಅಂತೂ ಒಂದು ಸಿಕ್ಕಿತು ನೋಡಿ! ಅದೇ ಕಪ್ಪು, ಅದೇ ಜಿಡ್ಡು, ಅದೇ ಸೊಟ್ಟ ಮೂತಿ. ತಂದು ಎರಡನ್ನೂ ಸಾಬರ ಮುಂದಿಟ್ಟ.

"ಯಾವುದು ನಮ್ಮದು ಹೇಳಿ ನೋಡೋಣ!"

ಸಾಬರಿಗೆ ಗೊತ್ತಾಗಲಿಲ್ಲ. ಚಿಕ್ಕತಾಯಮ್ಮನಿಗೆ ಗೊತ್ತಾಯಿತು, ಏನಾಗಿದೆ ಅಂತ.

"ಅಯ್ಯೋ ನನ್ನ ಪೆದ್ದಪ್ಪ! ಗುಜರಿ ಮಾಲು ಯಾಕ್ಲಾ ತಂದೆ? ಇವತ್ತು ಈ ಗಾಡಿಗೆ ಏನೇ ತಂದ್ರೂ ಹೊಸಾದೇ ಆಗಬೇಕು! ಪ್ಯಾಕೆಟ್ಟು ಒಡೆಯದೇ ಇರೋದೇ ಆಗಬೇಕು! ಹಳೇದನ್ನ ಮುಟ್ಟೀಯ, ಜೋಕೆ!"

"ಅಷ್ಟೇ ತಾನೆ? ಬುಡವ್ವ, ನಾನಿಲ್ವಾ!"

ಓಡಿಹೋಗಿ ಹೊಸ ಸೆನ್ಸರ್ ತಂದ. ಪ್ಯಾಕೆಟ್ಟೂ ಒಡೆದಿರಲಿಲ್ಲ. ಚಿಕ್ಕತಾಯಮ್ಮ ಖುಷಿಯಾಗಿ ಕಾಫಿ ಕಾಸಲು ಒಳಗೆ ಹೋದಳು. ಸಾಬರು ಬಾನೆಟ್ಟಿನೊಳಗೆ ತಲೆಯಿಟ್ಟು, ಸೆನ್ಸರನ್ನು ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಹದವಾಗಿ ಬಿಗಿದರು. ಕೈಯೆಲ್ಲ ಎಣ್ಣೆ.

"ಜವರಾ, ಒರೆಸೋಕೆ ಒಂದು ಬಟ್ಟೆ ತತ್ತಾ!"

"ಅಷ್ಟೇ ತಾನೆ? ಬುಡಿ ಸಾಬ್ರೆ, ನಾನಿಲ್ವಾ!"

ತಂತಿಯ ಮೇಲೆ ಹರಿದ ಲುಂಗಿ ಇತ್ತು. ಹಳೇದು, ಬೇಡ. ಬಾಗಿಲ ಮೇಲೆ ಸವೆದ ಟವೆಲ್ಲಿತ್ತು. ಹಳೇದು, ಬೇಡ. ಬೀರು ತೆಗೆದ. ಹೆಣ್ಣು ನೋಡಲು ಉಡೋದಕ್ಕೆ ಅಂತ ಅವ್ವ ತಂದಿದ್ದ ರೇಷ್ಮೆ ಸೀರೆ ಪ್ಯಾಕೆಟ್ಟಿನೊಳಗೆ ಮಿಣಮಿಣ ಅನ್ನುತ್ತಿತ್ತು. ಸಾಬರು ತಲೆ ಎತ್ತದೆ ಕೈ ಚಾಚಿದರು. ಕೈ ಒರೆಸಿಕೊಂಡರು, ಇಂಜಿನ್ ಒರೆಸಿದರು, ಕೊನೆಗೆ ಮೂಗನ್ನೂ ಒರೆಸಿಕೊಂಡರು.

ಕಾಫಿ ತಂದ ಚಿಕ್ಕತಾಯಮ್ಮ ಕಿಟಾರನೆ ಕಿರುಚಿದಳು.

"ನನ್ನ ಸೀರೆ!"

"ಹೊಸಾದೇ ತಂದೆ ಕಣವ್ವ!" ಅಂದ ಜವರ. "ಪ್ಯಾಕೆಟ್ಟು ಈಗ ತಾನೆ ಒಡೆದೆ!"

ಪಾಪ, ಆ ತಾಯಿ ಜಗಲಿಯ ಮೇಲೆ ಕೂತು ಅತ್ತೇ ಅತ್ತಳು. ಸೀರೆ ಹೋಯಿತು ಅಂತಲ್ಲ. ಇವನನ್ನು ನಾಳೆ ಅವರ ಮುಂದೆ ಹೇಗೆ ಕೂರಿಸಲಿ ಅಂತ.

ಸಾಬರು ಕಾರು ಸ್ಟಾರ್ಟ್ ಮಾಡಿದರು. ಕೆಂಪು ದೀಪ ಹತ್ತಿತು, ಫಕ್ಕನೆ ಆರಿತು! ಹೊರಡುವ ಮುಂಚೆ ಜವರನನ್ನು ಕರೆದು ಬುದ್ಧಿ ಹೇಳಿದರು.

"ನೋಡು ಜವರ, ಇನ್ಮೇಲೆ ಕೆಂಪು ದೀಪ ಆರದೆ ಉರೀತಿದ್ರೆ ಅಲ್ಲೇ ನಿಂತ್ಕೊಂಡುಬುಡು. ಆರೋ ತನಕ ಒಂದು ಹೆಜ್ಜೆ ಮುಂದಕ್ಕೆ ಹೋಗಬ್ಯಾಡ. ಯಾರು ಹೇಳಿದ್ರೂ ಹೋಗಬ್ಯಾಡ!"

"ಅಷ್ಟೇ ತಾನೆ? ಬುಡಿ ಸಾಬ್ರೆ, ನಾನಿಲ್ವಾ!"

ಭಾನುವಾರ ತಾಯಿ ಮಗ ಹೊರಟರು. ಕಾರು ಬೆಣ್ಣೆಯ ಹಾಗೆ ಹೋಯಿತು. ತುರುವೇಕೆರೆಯಲ್ಲಿ ಗಿರಿಗೌಡರು ಬೀದಿಗೇ ಬಂದು ನಿಂತಿದ್ದರು. ಜವರ ಕಾರನ್ನು ಗೋಡೆ ಪಕ್ಕ ನಾಜೂಕಾಗಿ ತಂದು ನಿಲ್ಲಿಸಿದ್ದು ನೋಡಿ, "ಭೇಷ್! ಬನ್ನಿ ಬನ್ನಿ, ಒಳಗೆ ಬನ್ನಿ" ಅಂದರು.

ಚಿಕ್ಕತಾಯಮ್ಮ ಒಳಗೆ ಹೋದಳು. ಜವರ ಹೊಸ್ತಿಲಲ್ಲೇ ನಿಂತ.

"ಬಾರಪ್ಪ ಒಳಕ್ಕೆ!"

"ಬರಲ್ಲ!"

"ಯಾಕಪ್ಪ?"

"ಕೆಂಪು ದೀಪ ಉರೀತಾ ಐತೆ!"

ಎಲ್ಲರೂ ತಿರುಗಿ ನೋಡಿದರು. ದೇವರ ಪಟದ ಮುಂದೆ, ಎಲ್ಲರ ಮನೆಯಲ್ಲೂ ಇರುತ್ತಲ್ಲ, ಆ ಪುಟ್ಟ ಕೆಂಪು ಬಲ್ಬು ಉರಿಯುತ್ತಿತ್ತು.

"ಅದು ದೇವರ ದೀಪ ಕಣಪ್ಪ! ಯಾವಾಗಲೂ ಉರೀತದೆ!"

"ಯಾವಾಗಲೂ ಉರೀತದಾ? ಅಂಗಾದ್ರೆ ಸೆನ್ಸರ್ ಕೆಟ್ಟೈತೆ! ಬದಲಾಯಿಸಿ!"

ಗಿರಿಗೌಡರ ಮುಖ ಗಂಟಿಕ್ಕಿತು. ಚಿಕ್ಕತಾಯಮ್ಮನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಗೀತು, ಈ ಸಂಬಂಧವೂ ಮುಗೀತು!

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಹುಡುಗಿ ಬಂದಳು. ಪುಟ್ಟಗೌರಿ ಅಂತ ಹೆಸರು. ನಗು ತಡೆದುಕೊಂಡು, ತಟ್ಟೆ ಕೆಳಗಿಟ್ಟು, ಗೋಡೆಯ ಸ್ವಿಚ್ಚು ಒತ್ತಿದಳು. ದೀಪ ಆರಿತು. ಜವರ ಠೀವಿಯಿಂದ ಒಳಗೆ ಬಂದು ಕೂತ.

"ಅಪ್ಪ, ನಂಗೆ ಒಪ್ಪಿಗೆ" ಅಂದಳು ಪುಟ್ಟಗೌರಿ.

"ಏನಮ್ಮಾ ಇದು!"

"ನೀನಾಗಲಿ, ಅಣ್ಣ ಆಗಲಿ, ನಾನು ಹೇಳಿದ್ದನ್ನ ಒಂದು ದಿನಾನಾದ್ರೂ ಕೇಳಿದ್ದೀರಾ? ಇವ್ರು ಹೇಳಿದ್ದು ಕೇಳ್ತಾರೆ. ನಂಗೆ ಇವ್ರೇ ಇರಲಿ."

ಆಮೇಲೆ ಜವರನ ಕಡೆ ತಿರುಗಿ ಅಂದಳು, "ಇನ್ಮೇಲೆ ನಾನು ಹೇಳಿದ್ದನ್ನ ಮಾತ್ರ ಕೇಳಬೇಕು. ಬೇರೆ ಯಾರ ಮಾತೂ ಕೇಳಕೂಡದು. ಆಯ್ತಾ?"

"ಅಷ್ಟೇ ತಾನೆ? ಬುಡಿ, ನಾನಿಲ್ವಾ!"

ಚಿಕ್ಕತಾಯಮ್ಮ ಖುಷಿಗೆ ಕಣ್ಣು ಒರೆಸಿಕೊಂಡಳು. ಗಿರಿಗೌಡರೂ ಒಪ್ಪಿ ಕೊಟ್ಟ ತಾಂಬೂಲ ತಗೊಂಡು ಬಂದು ಕಾರಲ್ಲಿ ಕೂತಳು.

"ನಡಿ ಮಗ, ಮನೆಗೆ ಹೋಗೋಣ."

ಸ್ಟೇರಿಂಗ್ ಹಿಡಿದು ಕೂತಿದ್ದ ಜವರ ಅಲ್ಲಾಡಲಿಲ್ಲ.

"ಲೋ, ಗಾಡಿ ತೆಗಿಯೋ!"

"ನೀನು ಹೇಳಿದ್ರೆ ಆಗಲ್ಲ ಕಣವ್ವ, ಅವ್ರು ಹೇಳಬೇಕು."

ಬೈದಳು, ಬೇಡಿಕೊಂಡಳು. ಏನೂ ನಡೆಯಲಿಲ್ಲ. ಕೊನೆಗೆ ಇಳಿದು, ಮತ್ತೆ ಬಾಗಿಲಿಗೆ ಹೋಗಿ, "ತಾಯಿ, ನೀನೇ ಒಂದು ಮಾತು ಹೇಳವ್ವ" ಅಂದಳು.

ಪುಟ್ಟಗೌರಿ ಹೊಸ್ತಿಲಿಗೆ ಬಂದು, "ಹೊರಡಿ!" ಅಂದಳು.

ಜವರ ಹೊರಟ. ಭರ್ರನೆ ಹೊರಟ. ಬೀದಿ ದಾಟಿ, ತಿರುವು ದಾಟಿ ಹೊರಟೇಹೋದ. ತಾಂಬೂಲ ಹಿಡಿದ ಚಿಕ್ಕತಾಯಮ್ಮ ಸೊಸೆಯ ಪಕ್ಕದಲ್ಲೇ ನಿಂತಿದ್ದಳು.

"ಅತ್ತೆ, ನಿಮ್ಮನ್ನ ಕೂರಿಸ್ಕೊಂಡು ಹೊರಡಿ ಅನ್ನಬೇಕಾಗಿತ್ತು, ಅಲ್ವಾ?"

"ಒಂದೇ ದಿನಕ್ಕೆ ಕಲಿತುಬುಟ್ಟೆ ಕಣವ್ವ" ಅಂದಳು ಚಿಕ್ಕತಾಯಮ್ಮ. "ನಾನು ಇನ್ನೂ ಕಲೀತಾನೇ ಇದ್ದೀನಿ."